ವಿಲನ್ ಎರಡು ಸಲ ಸತ್ತ ದಿನ

ವಿಲನ್ ಬೆಟ್ಟದಿಂದ ಬಿದ್ದು ಸತ್ತ. ಬೈಲಹೊಂಗಲದ ಟಾಕೀಸಿನ ತುಂಬ ಸೀಟಿ. ಇನ್ನೂ ಇಂಟರ್ವಲ್ ಕೂಡ ಆಗಿರಲಿಲ್ಲ. ಮರುಕ್ಷಣ ಅದೇ ವಿಲನ್ ಪರದೆಯ ಮೇಲೆ ಆರಾಮಾಗಿ ಚಹಾ ಕುಡಿಯುತ್ತಿದ್ದ!

ವಾರವಿಡೀ ಕಾದಿದ್ದ ಹೊಸ ಫೈಟಿಂಗ್ ಸಿನಿಮಾ ಅದು. ಸವದತ್ತಿಗೂ ನಮಗೂ ಒಂದೇ ಪ್ರಿಂಟ್. ಅಲ್ಲಿಂದ ಮೋಟಾರ್ ಸೈಕಲ್ ಮೇಲೆ ಬಂದ ಡಬ್ಬಿಗಳಲ್ಲಿ ಕೊನೆಯ ರೀಲು ಮೊದಲು ಕೈಗೆ ಸಿಕ್ಕು, ಅದೇ ಓಡಿಬಿಟ್ಟಿತ್ತು. ಜನ ಕುರ್ಚಿ ಮುರಿದಾರೆಂದು ಹೆದರಿದ ಆಪರೇಟರ್ ಕಾಸೀಮಣ್ಣ, ಕ್ಯಾಬಿನ್ನಿನ ಕಿಂಡಿಯಲ್ಲಿ ಕೈಮುಗಿದು ನಿಂತಿದ್ದ.

ನನ್ನ ಸೋದರತ್ತೆ ಉಡಿಯಲ್ಲಿದ್ದ ಶೇಂಗಾ ಹಿಡಿದುಕೊಂಡೇ ಎದ್ದು ಕೂಗಿದರು: “ಅಂಜಬ್ಯಾಡೋ ತಮ್ಮಾ, ಕಡೀಕ ಇನ್ನೊಮ್ಮಿ ಸಾಯ್ಸು!” ಟಾಕೀಸೇ ನಕ್ಕಿತು. ಕೊನೆಗೆ ವಿಲನ್ ಮತ್ತೆ ಸತ್ತಾಗ ಸೀಟಿ ದುಪ್ಪಟ್ಟಾಯಿತು.

ಹೊರಗೆ ಮುಂದಿನ ಆಟಕ್ಕೆ ಸಾಲು ನಿಂತವರು ಎಂದಿನಂತೆ, “ಹೆಂಗೈತ್ರಿ ಪಿಚ್ಚರ್?” ಎಂದು ಕೇಳಿದರು.

“ಭಾರಿ ಐತಿ! ವಿಲನ್ ಎರಡ ಸಲ ಸಾಯ್ತಾನ,” ಎಂದರು ಅತ್ತೆ.

ಆ ಆಟದಲ್ಲಿ ರೀಲುಗಳು ಸರಿಯಾಗಿಯೇ ಓಡಿದವಂತೆ. ಆದರೆ ವಿಲನ್ ಒಮ್ಮೆ ಸತ್ತರೂ ಜನ ಏಳಲಿಲ್ಲವಂತೆ. ಕಾಸೀಮಣ್ಣ ಕೊನೆಯ ರೀಲನ್ನು ಮತ್ತೆ ಹಾಕಬೇಕಾಯಿತಂತೆ.

ಎಲ್ಲ ಹೀಗೇ ನಡೆಯಿತೋ, ಅತ್ತೆ ಹೇಳಿ ಹೇಳಿ ಹೀಗಾಯಿತೋ, ನನಗೆ ಖಾತ್ರಿಯಿಲ್ಲ. ಮುಂದೆ ಆ ಸಿನಿಮಾ ಟಿ.ವಿ.ಯಲ್ಲಿ ಬಂದಾಗ ವಿಲನ್ ಒಮ್ಮೆಯೇ ಸತ್ತ. ಅತ್ತೆ, ನಾನು ಇಬ್ಬರೂ ಏಳದೆ ಕೂತೇ ಇದ್ದೆವು.