ತುರ್ಕಿ ಸೀಮೆಯ ದಾಳಿಂಬೆ ರಸ

ದಾಳಿಂಬೆಯ ಸಿಪ್ಪೆಗೆ ಉಗುರು ಊರಿದ ಕೂಡಲೇ ಒಂದು ಒಗರು ವಾಸನೆ ಏಳುತ್ತದೆ, ನೀರಿನಲ್ಲಿ ನೆನೆದ ಕಬ್ಬಿಣದ ಹಾಗೆ. ಮೊಮ್ಮಗಳು ಅಡುಗೆಮನೆಯಲ್ಲಿ ಹಣ್ಣು ಬಿಡಿಸಲು ಕೂತರೆ ನಾನು ಏನಾದರೂ ನೆಪ ಹೇಳಿ ಹೊರಗೆ ಹೋಗಿಬಿಡುತ್ತೇನೆ. ಅಲ್ಲಿಗೂ ಆ ವಾಸನೆ ಹಿಂದೆಯೇ ಬರುತ್ತದೆ. ಹನಕೆರೆ ಸ್ಟೇಷನ್ನಿನಲ್ಲಿ ಇಳಿದು ಗದ್ದೆ ಬದುವಿನ ಮೇಲೆ ಅರ್ಧ ಗಂಟೆ ನಡೆದರೆ ಸಿಗುತ್ತಿದ್ದ ನಮ್ಮ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಕಬ್ಬು ಬೆಳೆದು ನಿಂತಿದೆ. ಆದರೆ ಆ ಒಗರು ಮೂಗಿಗೆ ತಾಗಿದರೆ ಸಾಕು, ಹಿತ್ತಲ ಬಾವಿ, ಬಾವಿಯ ಪಕ್ಕದ ದಾಳಿಂಬೆ ಗಿಡ, ಅದರ ಬುಡದಲ್ಲಿ ಕುಂಟುಗಾಲು ಚಾಚಿಕೊಂಡು ಕೂತ ದೊಡ್ಡಪ್ಪ, ಎಲ್ಲ ಎದುರಿಗೆ ಬಂದು ನಿಲ್ಲುತ್ತವೆ. ನಿಂತು ನನ್ನನ್ನೇ ನೋಡುತ್ತವೆ.

ದೊಡ್ಡಪ್ಪ ನಮ್ಮಯ್ಯನ ಅಣ್ಣ. ಮಹಾರಾಜರ ಕುದುರೆ ಪಡೆಯಲ್ಲಿದ್ದವನು. ನಾನು ಹುಟ್ಟುವ ಮೊದಲು ನಡೆದ ದೊಡ್ಡ ಯುದ್ಧಕ್ಕೆಂದು ಹಡಗು ಹತ್ತಿ ತುರ್ಕಿಯವರ ಸೀಮೆಗೆ ಹೋಗಿದ್ದನಂತೆ. ತೊಡೆಯಲ್ಲಿ ಗುಂಡಿನ ಗಾಯ ಮಾಡಿಕೊಂಡು ಬಂದವನು ಮದುವೆಯಾಗಲಿಲ್ಲ, ಯುದ್ಧದ ಮಾತೂ ಎತ್ತಲಿಲ್ಲ. ಆ ದೇಶದಿಂದ ಅವನು ತಂದದ್ದು ದಾಳಿಂಬೆ ರಸ ತೆಗೆಯುವ ರೀತಿಯೊಂದನ್ನೇ. ಹಣ್ಣನ್ನು ಚಪ್ಪಡಿಯ ಮೇಲಿಟ್ಟು ಅಂಗೈಯಿಂದ ಒತ್ತಿ ಮೆಲ್ಲಗೆ ಉರುಳಿಸುತ್ತಿದ್ದ. ಒಳಗೆ ಕಾಳುಗಳು ಚಟಚಟನೆ ಒಡೆಯುವ ಸದ್ದು ನಮಗೆ ಕೇಳುತ್ತಿತ್ತು. ಹಣ್ಣು ಮೆತ್ತಗಾದ ಮೇಲೆ ಚಾಕುವಿನ ಮೊನೆಯಿಂದ ಒಂದು ತೂತು ಮಾಡಿ, ತೆಳು ಬಟ್ಟೆ ಕಟ್ಟಿದ ಕಲ್ಲಿನ ಮರಿಗೆಯೊಳಕ್ಕೆ ಹಿಂಡುತ್ತಿದ್ದ. ಬೀಜ ಅರೆದರೆ ಕಹಿ, ತಾಮ್ರ ತಾಗಿದರೆ ಕಿಲುಬು, ನೀರು ಬೆಲ್ಲ ಬೆರೆಸಿದರೆ ಹಣ್ಣಿಗೆ ಅವಮಾನ ಎನ್ನುತ್ತಿದ್ದ. ಆ ರಸ ಕಡುಗೆಂಪಾಗಿ, ಸಿಹಿಯ ಹಿಂದೆಯೇ ಹುಳಿ ನಾಲಿಗೆಯನ್ನು ಹಿಡಿದೆಳೆಯುವಂತೆ ಇರುತ್ತಿತ್ತು. ಹಿಂಡಿದಾಗಲೆಲ್ಲ ಎರಡು ಲೋಟ ತುಂಬುತ್ತಿದ್ದ. ಒಂದು ಮನೆಯವರಿಗೆ. ಇನ್ನೊಂದನ್ನು ಹಿತ್ತಲ ಬಾಗಿಲ ಹೊಸಿಲ ಮೇಲಿಟ್ಟು, ದೀಪ ಹಚ್ಚುವ ಹೊತ್ತಿಗೆ ಗಿಡದ ಬುಡಕ್ಕೆ ಸುರಿದುಬಿಡುತ್ತಿದ್ದ. ಯಾರಿಗೆಂದು ಕೇಳಿದರೆ ಲೋಟ ತೊಳೆಯಲು ಬಾವಿಯ ಕಡೆ ನಡೆದುಬಿಡುತ್ತಿದ್ದ. ಅವನನ್ನು ಯಾವುದೋ ಗಾಳಿ ಹಿಡಿದುಕೊಂಡು ಬಂದಿದೆ, ಆ ಲೋಟ ಅದಕ್ಕೇ ಎಂದು ಅವ್ವ ಅಡುಗೆಮನೆಯಲ್ಲಿ ಪಿಸುಗುಡುತ್ತಿದ್ದಳು. ನಾನೂ ನನ್ನಕ್ಕ ಸಾಕಿಯೂ ಆ ಹೊಸಿಲು ದಾಟುವಾಗ ಲೋಟಕ್ಕೆ ಲಂಗ ತಾಗದ ಹಾಗೆ ಓಡುತ್ತಿದ್ದೆವು.

ನಮ್ಮ ಕಡೆಗೆ ಕಾಲುವೆ ನೀರು ಬಂದ ಹೊಸದು. ಗದ್ದೆ ಹಸುರಾಯಿತು, ಅದರ ಜೊತೆಯಲ್ಲೇ ಚಳಿಜ್ವರವೂ ಬಂತು. ಸಾಕಿಗೆ ಆಗ ಹನ್ನೊಂದು, ನನಗೆ ಒಂಬತ್ತು. ಅಯ್ಯ ಮಂಡ್ಯದಿಂದ ಡಾಕ್ಟರನ್ನು ಕರೆತಂದ. ಅವರು ಕೊಟ್ಟ ಕಹಿ ಔಷಧಿಯನ್ನೂ ಗಂಜಿಯನ್ನೂ ಅವಳು ಕುಡಿದಷ್ಟೇ ಬೇಗ ಕಕ್ಕಿದಳು. ಒಳಗೆ ನಿಂತದ್ದು ದೊಡ್ಡಪ್ಪನ ರಸ ಮಾತ್ರ. ಅವನು ಹೊತ್ತಿಗೊಮ್ಮೆ ಹಿಂಡಿ ತಂದು, ಅವಳ ತಲೆಯನ್ನು ತೋಳಿನ ಮೇಲಿಟ್ಟುಕೊಂಡು, ಚಮಚದಲ್ಲಿ ತೊಟ್ಟುತೊಟ್ಟಾಗಿ ಬಾಯಿಗೆ ಬಿಡುತ್ತಿದ್ದ. ನಮ್ಮ ಗಿಡ ಬರಿದಾದಾಗ ಆ ಕುಂಟುಗಾಲಲ್ಲೇ ಮದ್ದೂರಿಗೆ ಹೋಗಿ ಹಣ್ಣು ತಂದ. ಎಂಟನೆಯ ದಿನ ಮಧ್ಯಾಹ್ನ ಸಾಕಿ ಕಣ್ಣು ತೆರೆದು ಹಿತ್ತಲ ಬಾಗಿಲ ಕಡೆ ನೋಡಿದಳು.

“ಅದ್ಯಾರೋ ನಿಂತವ್ರೆ ದೊಡ್ಡಪ್ಪ. ಅವ್ರಿಗೂ ಕೊಡು,” ಎಂದಳು.

ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ದೊಡ್ಡಪ್ಪ ಥಟ್ಟನೆ ಆ ಕಡೆ ತಿರುಗಿದ, ಚಮಚದ ರಸ ಅವಳ ಕತ್ತಿನ ಮೇಲೆ ಚೆಲ್ಲಿತು. ಅವನು ಎದ್ದು ಹೊರಗೆ ಹೋದ. ಭಾವನ ಎದುರಿಗೆ ನಿಂತು ಒಂದು ದಿನವೂ ಮಾತಾಡದ ಅವ್ವ, ಬಾಗಿಲ ಮರೆಯಿಂದಲೇ ಉತ್ತರ ಕೊಡುತ್ತಿದ್ದವಳು, ಅಂದು ಅವನ ಹಿಂದೆಯೇ ಬಾವಿಯ ತನಕ ಹೋದಳು. ನಾನೂ ಅವಳ ಹಿಂದೆ ಹೋದೆ.

“ಸಾವು ನೋವು ಕಂಡೋರು ನೀವು. ಏಳಿ ಬಾವ, ನನ್ ಕೂಸು ಉಳ್ಕತದಾ?”

ಅವನು ಬಾವಿಯೊಳಗೇ ನೋಡುತ್ತಿದ್ದ. “ನಂಗೊತ್ತಿಲ್ಲ ಕಣವ್ವ,” ಎಂದ.

“ಊಂ ಅನ್ನಿ. ಅಷ್ಟೇ ಸಾಕು.”

ಅವನು ಅನ್ನಲಿಲ್ಲ. ಅವ್ವ ಸಾಕಿಯ ಹತ್ತಿರಕ್ಕೆ ಹಿಂದಿರುಗಿದಳು. ಎರಡು ದಿನ ಕಳೆದು ಸಾಕಿ ಹೋದಳು. ಅವಳ ಕತ್ತಿನ ಮೇಲೆ ಬಿದ್ದ ರಸ ರವಿಕೆಯಲ್ಲಿ ಕಪ್ಪಗೆ ಕರೆಯಾಗಿತ್ತು, ಎಷ್ಟು ಒಗೆದರೂ ಹೋಗಲಿಲ್ಲ. ಅವ್ವ ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ದೊಡ್ಡಪ್ಪ ಬದುಕಿದ್ದಷ್ಟು ದಿನವೂ ಅವನ ಊಟದ ತಟ್ಟೆಯನ್ನು ನನ್ನ ಕೈಯಲ್ಲೇ ಕಳಿಸಿದಳು. ಒಂದು ಮಾತೂ ಆಡಲಿಲ್ಲ. ಅವನೂ ಹಣ್ಣು ಕೀಳುವುದನ್ನು ಬಿಟ್ಟ. ಅವು ಗಿಡದಲ್ಲೇ ಬಿರಿದು, ಅಳಿಲು ತಿಂದು, ನೆಲದ ಮೇಲೆ ಕೊಳೆತವು. ಸಂಜೆಯ ಹೊತ್ತು ಹಿತ್ತಲಿಗೆ ಹೋಗಲು ನನಗೆ ಭಯವಾಗುತ್ತಿತ್ತು. ಬಾಗಿಲಲ್ಲಿ ನಿಂತವರು ಯಾರೆಂದು ಸಾಕಿಯನ್ನು ಕೇಳಲು ಇನ್ನು ಆಗುವಂತಿರಲಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ತಟ್ಟೆ ಕೊಡಲು ಹೋದವಳು ತಡೆಯಲಾರದೆ ಕೇಳಿಬಿಟ್ಟೆ: ಅವತ್ತು ಅವ್ವನಿಗೆ ಊಂ ಅಂತ ಯಾಕೆ ಅನ್ನಲಿಲ್ಲ? ಅವನು ಅನ್ನಕ್ಕೆ ಕೈ ಹಾಕದೆ, ಮೊದಲ ಸಲ ಆ ಸೀಮೆಯ ಕಥೆ ಹೇಳಿದ. ಗುಂಡು ತಾಗಿ ಕುದುರೆಯಿಂದ ಬಿದ್ದವನನ್ನು ಒಬ್ಬ ಮುದುಕಿ ತನ್ನ ಮನೆಗೆ ಎಳೆದುಕೊಂಡು ಹೋದಳಂತೆ. ಅವಳ ಅಂಗಳದ ತುಂಬ ದಾಳಿಂಬೆ. ದಿನವೂ ಎರಡು ಲೋಟ ರಸ ಹಿಂಡುವಳು: ಒಂದು ಇವನಿಗೆ, ಇನ್ನೊಂದು ಹೊಸಿಲ ಮೇಲೆ, ಇವರ ಮೇಲೆಯೇ ಯುದ್ಧಕ್ಕೆ ಹೋಗಿದ್ದ ಅವಳ ಮಗನಿಗೆ. ನಾಲ್ಕನೆಯ ದಿನ ಅವಳು ಮಗನ ಎತ್ತರವನ್ನು ಕೈಯಲ್ಲಿ ತೋರಿಸಿ, ಕೆನ್ನೆಯ ಮೇಲೆ ಮಚ್ಚೆಯ ಗುರುತು ಮಾಡಿ, ನೋಡಿದೆಯಾ ಎಂದು ಸನ್ನೆಯಲ್ಲೇ ಕೇಳಿದಳಂತೆ. ಆ ಕಡೆಯವರು ಸಾಲುಸಾಲಾಗಿ ಸತ್ತುಬಿದ್ದದ್ದನ್ನು ಇವನು ಕಂಡಿದ್ದ.

“ತಲೆ ಆಡಿಸ್ಬುಟ್ಟೆ ಕಣ್ ಮಗ. ನೋಡಿವ್ನಿ, ಬತ್ತಾನೆ ಅಂತ. ಆಯಮ್ಮ ನನ್ ಕೈ ಇಡ್ಕೊಂಡು ಕಣ್ಗೊತ್ಕೊಂಡ್ಳು.”

ಮರುದಿನ ಅವನ ಕಡೆಯವರು ಬಂದು ಅವನನ್ನು ಕರೆದೊಯ್ದರು. ಹೋಗುವಾಗಲೂ ಆ ಮುದುಕಿ ಬಾಗಿಲಲ್ಲಿ ನಿಂತು, ಮಗ ಬರುವ ದಾರಿಯ ಕಡೆಗೇ ನೋಡುತ್ತಿದ್ದಳಂತೆ. ಇನ್ನೊಬ್ಬ ತಾಯಿಗೆ ಅಂಥ ಮಾತು ಹೇಳಬಾರದೆಂದು ಅವನು ಆಗಲೇ ಆಣೆ ಮಾಡಿಕೊಂಡಿದ್ದ. ಇದನ್ನು ಅವ್ವನಿಗೆ ಹೇಳಬೇಡ ಎಂದು ನನ್ನ ಕೈಯಲ್ಲೂ ಆಣೆ ಹಾಕಿಸಿಕೊಂಡ. ನಾನು ಹೇಳಲಿಲ್ಲ.

ಮೂರು ವರ್ಷದ ಮೇಲೆ ಅವನು ತೀರಿಕೊಂಡ. ತಿಥಿಯ ಅಕ್ಕಿ ಆರಿಸುತ್ತ ಕೂತಿದ್ದಾಗ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳ ಕೈ ಮೊರದ ಮೇಲೇ ನಿಂತಿತು. ನನ್ನ ಕಡೆ ನೋಡದೆ ಅಂದಳು:

“ಅದ್ಯಾವ್ ಸುಳ್ಳು ಬುಡು. ಇವ್ರು ಏಳಿದ್ಕೆ ಆಯಮ್ಮುನ್ ಪಾಲ್ಗೆ ಮಗ ಇನ್ನೊಂದಷ್ಟ್ ದಿನ ಬದ್ಕಿದ್ದ. ನಂಗೂ ಎಲ್ಡ್ ದಿನ ಸಿಕ್ಕಿದ್ರೆ ಸಾಕಾಗಿತ್ತು.”

ಅದನ್ನು ಕೇಳಬೇಕಾಗಿದ್ದವನು ಮಣ್ಣು ಸೇರಿ ಆಗಲೇ ಹತ್ತು ದಿನವಾಗಿತ್ತು.