ತುಳುಕದ ಕೊಡ

ಹುಬ್ಬಳ್ಳಿಯ ಆ ಆಸ್ಪತ್ರೆಯ ಬೆಂಚಿನ ಮೇಲಿದ್ದ ದೊಡ್ಡ ನೀರಿನ ಬಾಟಲಿಯನ್ನು ನಾನು ಎತ್ತಿದ ಕೈ ಇಳಿಸದೆ ಖಾಲಿ ಮಾಡಿದೆ. ವಜ್ರಳ್ಳಿಯಿಂದ ಮಾರುತಿ ವ್ಯಾನು ಓಡಿಸಿಕೊಂಡು ಬಂದ ಗಂಟಲು. ಬಾಟಲಿ ಯಾರದೆಂದು ವಿಚಾರಿಸುವ ತಾಳ್ಮೆ ಅದಕ್ಕಿರಲಿಲ್ಲ. ಮೀಸೆ ಒರೆಸಿಕೊಳ್ಳುತ್ತಿರುವಾಗ ನರ್ಸ್ ಬಂದು, ಇಲ್ಲಿದ್ದ ನೀರು ಎಲ್ಲಿ ಎಂದು ಕೇಳಿದಳು. ನಾನು ಹೊಟ್ಟೆ ತೋರಿಸಿದೆ.

“ಅದು ಪೇಶಂಟ್ ಕುಡಿಯೋ ನೀರ್ರಿ. ಮೂತ್ರಕೋಶ ತುಂಬಬೇಕಾಗಿದ್ದು ಅವರದು, ನಿಮ್ಮದಲ್ಲ.”

ಸಾಲಾಗಿ ಕುಳಿತಿದ್ದ ಗಂಡ ಹೆಂಡಿರೆಲ್ಲ ಒಟ್ಟಿಗೆ ನನ್ನತ್ತ ತಿರುಗಿದರು. ಮಕ್ಕಳಾಗುವ ಆಸ್ಪತ್ರೆಯಲ್ಲಿ, ಬೋಳುತಲೆಯ ನಡುವಯಸ್ಸಿನ ಗಂಡಸಿಗೆ ಇಷ್ಟು ಪ್ರಸಿದ್ಧಿ ಸಾಕು.

ನೀರು ಕುಡಿಯಬೇಕಾಗಿದ್ದವಳು ನನ್ನ ಚಿಕ್ಕಪ್ಪನ ಮಗ ನಂದನನ ಹೆಂಡತಿ ಮಧುರಾ. ವಜ್ರಳ್ಳಿಯಲ್ಲಿ ಹೊಲಿಗೆ ಮಾಡುತ್ತಾಳೆ. ಊರಿನ ಅರ್ಧ ರವಿಕೆಗಳು ಅವಳ ಕೈಯಿಂದಲೇ ಹೊರಬೀಳುತ್ತವೆ, ಆದರೆ ಬಾಯಿಂದ ಮಾತು ಹೊರಬೀಳುವುದು ಅಪರೂಪ. ಮದುಮಗಳೊಬ್ಬಳು ಹೊಸ ರವಿಕೆ ತೊಟ್ಟು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿ, ಹೇಗೆ ಕಾಣುತ್ತೇನೆಂದು ಕೇಳಿದಾಗ, ಮಧುರಾ ಸೂಜಿ ಪೋಣಿಸುತ್ತಲೇ ಬಟ್ಟೆ ಚೆನ್ನಾಗಿದೆ ಎಂದಿದ್ದಳಂತೆ. ಮದುವೆಯಾಗಿ ಬಹಳ ವರ್ಷವಾದರೂ ಮಡಿಲು ತುಂಬಿರಲಿಲ್ಲ. ನೆಂಟರು ಕಂಡಾಗಲೆಲ್ಲ ಹೊಟ್ಟೆ ನೋಡಿಕೊಂಡೇ “ಎಂತ ವಿಶೇಷ?” ಎನ್ನುವರು. ಇವಳು “ಇವತ್ತು ಪತ್ರೊಡೆ” ಎಂದು ಅಡುಗೆಯ ವಿಶೇಷ ಹೇಳಿ ಮುಂದೆ ಹೋಗುವಳು.

ಆ ಪತ್ರೊಡೆಯ ಹಿಂದೆ ಎಷ್ಟು ಅಳು ಇತ್ತೆಂಬುದು ನಂದನನಿಗೆ ಮಾತ್ರ ಗೊತ್ತಿತ್ತು. ವ್ಯಾನು ನನ್ನದಾದ್ದರಿಂದ ಆಮೇಲೆ ನನಗೂ ಗೊತ್ತಾಯಿತು. ಗಂಡ ಹೆಂಡಿರ ಬೀಜ ಸೇರಿಸಿ ಹೊರಗೆ ಬೆಳೆಸಿದ ಭ್ರೂಣವನ್ನು ಒಮ್ಮೆ ಗರ್ಭದಲ್ಲಿ ಬಿಟ್ಟಿದ್ದರು. ಹಿಡಿದಿರಲಿಲ್ಲ. ಶೀತಲ ಪೆಟ್ಟಿಗೆಯಲ್ಲಿ ಇನ್ನೊಂದೇ ಒಂದು ಉಳಿದಿತ್ತು. ಇದೂ ಹಿಡಿಯದಿದ್ದರೆ ಇನ್ನು ಹುಬ್ಬಳ್ಳಿಯ ಹೆಸರೆತ್ತುವುದಿಲ್ಲ ಎಂದು ಮಧುರಾ ಗಂಡನಿಗೆ ಹೇಳಿಬಿಟ್ಟಿದ್ದಳು. ಅವಳು ಹೇಳುವುದು ಕಡಿಮೆ. ಹೇಳಿದ್ದನ್ನು ಬದಲಿಸುವುದು ಅದಕ್ಕಿಂತ ಕಡಿಮೆ.

ಅಂಥ ದಿನ ನಾನು ಅವಳ ನೀರು ಕುಡಿದು ಕುಳಿತಿದ್ದೆ.

ಡಾಕ್ಟರಮ್ಮ ಹಿಂದಿನ ವಾರವೇ ನಮಗೆಲ್ಲ ವಿವರಿಸಿದ್ದರು. ಭ್ರೂಣವನ್ನು ಸಪೂರ ನಳಿಕೆಯಲ್ಲಿ ಒಳಗೆ ಒಯ್ಯುವಾಗ ಹೊಟ್ಟೆಯ ಮೇಲೆ ಸ್ಕ್ಯಾನ್ ಹಿಡಿದು, ಪರದೆಯಲ್ಲಿ ನೋಡುತ್ತ, ಸರಿಯಾದ ಜಾಗದಲ್ಲೇ ಬಿಡುತ್ತಾರೆ. ಮೂತ್ರಕೋಶ ತುಂಬಿದ್ದರೆ ಅದರ ಮೂಲಕ ಹಿಂದಿನ ಗರ್ಭಕೋಶ ಕಿಟಕಿಯಲ್ಲಿ ಕಂಡಂತೆ ಕಾಣುತ್ತದೆ. ಖಾಲಿಯಾಗಿದ್ದರೆ ಎಲ್ಲ ಮಸುಕು. ಆ ಕಿಟಕಿಯನ್ನು ನಾನು ಕುಡಿದಿದ್ದೆ.

ನಂದನ ಬೇರೆ ನೀರು ತರಲು ಓಡಿದ. ಮಧುರಾ ಮಾತ್ರ ಕಾಲ ಮೇಲೆ ಕಾಲು ಹಾಕಿ, ಗೋಡೆಯನ್ನೇ ನೋಡುತ್ತ ನೆಟ್ಟಗೆ ಕುಳಿತಿದ್ದಳು.

“ಭಾವ, ನೀರು ಬೇಡ. ಸೀತತ್ತೆ ತುಂಬ್ಸಿ ಕಳ್ಸಿದ್ದು,” ಎಂದಳು.

ಆಗ ನನಗೆ ಬರುವ ದಾರಿಯಲ್ಲಿ ಸಿಕ್ಕ ಕಿರವತ್ತಿ ನೆನಪಾಯಿತು. ಅಲ್ಲಿ ನಮ್ಮ ಸೋದರತ್ತೆ ಸೀತತ್ತೆಯ ಮನೆ ಹೆದ್ದಾರಿಗೇ ತಾಗಿದೆ. ಜಗಲಿಯಲ್ಲಿ ಕುಳಿತ ಅವಳ ಕಣ್ಣು ತಪ್ಪಿಸಿ ನಮ್ಮ ಕಡೆಯ ಒಂದು ವಾಹನವೂ ಹುಬ್ಬಳ್ಳಿ ಸೇರಿದ್ದಿಲ್ಲ. ಕೈ ಅಡ್ಡ ಹಾಕಿ ನಿಲ್ಲಿಸಿದಳು. ಹೊಲಿಗೆ ಯಂತ್ರದ ಸಾಮಾನು ತರಲು ಹೊರಟಿದ್ದೇವೆ ಎಂದೆವು. ಸರಿ, ಆಸರಿಗೆ ಕುಡಿದು ಹೋಗಿ ಎಂದಳು. ನಮ್ಮಲ್ಲಿ ಬಂದವರಿಗೆ ಮೊದಲು ಬಾಯಾರಿಕೆ ಕೇಳಬೇಕು, ಆಮೇಲೆ ಕುಶಲ. ಸೀತತ್ತೆಯ ಮಜ್ಜಿಗೆಯಲ್ಲಿ ಒಂದನೇ ಲೋಟ ಬಾಯಾರಿಕೆಗೆ. ಎರಡನೆಯದು, ನೀವು ಸಾಕು ಎಂದಿರೆಂಬ ಕಾರಣಕ್ಕೆ. ಮರ್ಯಾದಸ್ಥರು ಯಾರೂ ನಿಜವಾಗಿ ಸಾಕೆನ್ನುವುದಿಲ್ಲವೆಂದು ಅವಳ ನಂಬಿಕೆ. ಮೂರನೆಯದನ್ನು ಸುರಿದದ್ದು, “ತಳದಲ್ಲಿ ಚೂರು ಉಳದ್ದು, ತಗಬುಡೇ ಕೂಸೇ” ಎಂದು. ಬೇಡವೆಂದರೆ, ಇವಳಿಗೆ ಮಜ್ಜಿಗೆ ಸೇರುತ್ತಿಲ್ಲ, ಏನೋ ವಿಶೇಷವಿದೆ ಎಂಬ ಸುದ್ದಿ ನಮಗಿಂತ ಮೊದಲೇ ವಜ್ರಳ್ಳಿ ತಲುಪುತ್ತಿತ್ತು. ಮಧುರಾ ಮೂರನ್ನೂ ಕುಡಿದಿದ್ದಳು. ನಾನೂ ನಂದನನೂ ವ್ಯಾನಿನ ಟಯರು ನೋಡುವ ನೆಪದಲ್ಲಿ ಹೇಡಿಗಳಂತೆ ಒಂದೇ ಲೋಟಕ್ಕೆ ತಪ್ಪಿಸಿಕೊಂಡಿದ್ದೆವು.

ನರ್ಸ್ ನಂಬದೆ ಸ್ಕ್ಯಾನ್ ಹಿಡಿದು ನೋಡಿ, ಓಡಿ ಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಕೆರೆ ಕೋಡಿ ಬೀಳುವಷ್ಟು ತುಂಬಿತ್ತಂತೆ. ಇಷ್ಟು ಬೇಡ, ಹೋಗಿ ಅರ್ಧ ಮಾತ್ರ ಬಿಟ್ಟು ಬಾ ಎಂದರಂತೆ. ಅರ್ಧ ಬಿಟ್ಟು ನಿಲ್ಲಿಸುವುದು ಮನುಷ್ಯರಿಂದ ಆಗುವ ಕೆಲಸವೇ ಎಂದು ನಾನು ಹೊರಗೆ ಯೋಚಿಸುತ್ತಿದ್ದೆ. ಮಧುರಾ ಹೋದಷ್ಟೇ ನಿರ್ವಿಕಾರವಾಗಿ ತಿರುಗಿ ಬಂದು, ಗಂಡನ ಜೊತೆ ಒಳಗೆ ನಡೆದಳು.

ಈಗ ನಾನು ಕುಡಿದ ಬಾಟಲಿ ತನ್ನ ಕೆಲಸ ಶುರು ಮಾಡಿತು. ಶೌಚಾಲಯ ಎದುರಿಗೇ ಇತ್ತು. ಆದರೆ ಒಳಗೆ ಆ ಹುಡುಗಿ ಹಿಡಿದುಕೊಂಡು ಮಲಗಿರುವಾಗ ಹೊರಗೆ ನಾನು ಬಿಟ್ಟುಬಿಟ್ಟರೆ ದೇವರು ಮೆಚ್ಚುತ್ತಾನೆಯೇ? ಹರಕೆ ಎಂದರೆ ಇದೇ ಹರಕೆ ಎಂದುಕೊಂಡು ಬೆಂಚು ಹಿಡಿದು ಕುಳಿತೆ. ನಿಮಗೆ ನಗು ಬರಬಹುದು. ನನಗೆ ಆಗ ನಗುವುದೂ ಅಪಾಯವಾಗಿತ್ತು.

ಒಳಗಿನದನ್ನು ನಂದನ ಆಮೇಲೆ ಹೇಳಿದ. ಕತ್ತಲು ಕೋಣೆ, ಬೂದು ಬಣ್ಣದ ಪರದೆ. ಸಪೂರ ಗೆರೆಯೊಂದು ಮೆಲ್ಲಗೆ ಒಳಗೆ ಬಂತು, ನಿಂತಿತು. ತುದಿಯಲ್ಲಿ ಫಕ್ಕನೆ ಒಂದು ಬಿಳಿ ಚುಕ್ಕೆ ಹೊಳೆಯಿತು. ಕಂಡದ್ದು ಭ್ರೂಣವಲ್ಲ, ಅದರ ಜೊತೆಗೆ ಬಿಟ್ಟ ಗಾಳಿಯ ಗುಳ್ಳೆ. ಭ್ರೂಣ ಅದರ ಮಗ್ಗುಲಲ್ಲೇ ಇದೆ ಎಂದರು ಡಾಕ್ಟರಮ್ಮ. ನಂದನನಿಗೆ ಕಣ್ಣು ಮಂಜಾಗಿ ಚುಕ್ಕೆ ಎರಡಾಗಿ ಕಂಡಿತಂತೆ. ಮಧುರಾ ರೆಪ್ಪೆ ಹೊಡೆಯದೆ ನೋಡಿದಳು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ, ಇನ್ನು ಎದ್ದು ಬಚ್ಚಲಿಗೆ ಹೋಗಬಹುದೆಂದರು. ಅವಳು ಅಲ್ಲಾಡಲಿಲ್ಲ. ಯಾರನ್ನೂ ಏನೂ ಕೇಳದವಳು ಆಗ ಸಣ್ಣ ದನಿಯಲ್ಲಿ ಕೇಳಿದಳು: “ಹೋದ್ರೆ... ಅದೂ ಹೋಗ್ತದಾ?”

ಡಾಕ್ಟರಮ್ಮ ಅವಳ ಹಣೆಯ ಮೇಲೆ ಕೈಯಿಟ್ಟರಂತೆ. “ಇಲ್ಲವ್ವ ತಂಗಿ. ಅದರ ಖೋಲಿ ಬ್ಯಾರೆ, ಇದರ ಖೋಲಿ ಬ್ಯಾರೆ.”

ಅವಳು ಎದ್ದು ಹೊರಬಂದು ಶೌಚಾಲಯದ ಬಾಗಿಲು ಹಾಕಿಕೊಂಡಳು. ಹರಕೆ ಸಂದ ಭಕ್ತನಂತೆ ನಾನು ಬಾಗಿಲಾಚೆ ನನ್ನ ಸರದಿಗೆ ನಿಂತೆ.

ವಾಪಸು ಬರುವಾಗ ಕಿರವತ್ತಿಯಲ್ಲಿ ನಾನು ವ್ಯಾನಿನ ವೇಗವನ್ನು ತಗ್ಗಿಸಲಿಲ್ಲ. ಅದಾಗಿ ಎರಡು ವಾರಕ್ಕೆ ನಂದನ ನಮ್ಮನೆಗೆ ಬಂದು, ನನ್ನ ಮುಂದೆ ಒಂದು ತುಂಬಿದ ನೀರಿನ ಬಾಟಲಿ ಇಟ್ಟು ನಗತೊಡಗಿದ. ನನಗೆ ತಿಳಿಯಿತು.

ತಿಂಗಳು ತುಂಬಿ ಹೆಣ್ಣು ಮಗು ಹುಟ್ಟಿತು. ಸ್ಫೂರ್ತಿ ಎಂದು ಹೆಸರಿಟ್ಟ ದಿನ ಮನೆ ತುಂಬ ನೆಂಟರು. ಸೀತತ್ತೆ ಮಗುವಿನ ಮೂಗು, ಕಿವಿ, ಬೆರಳು ಎಲ್ಲವನ್ನೂ ತಪಾಸಣೆ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಮಧುರಾಳನ್ನು ಹಿಡಿದಳು:

“ಇಷ್ಟು ವರ್ಷ ಆಗದ್ದು ಈಗ ಆತು. ಖರೆ ಹೇಳು ಕೂಸೇ, ಯಾವ ದೇವ್ರಿಗೆ ಹೇಳ್ಕಂಡಿದ್ದೆ?”

ಬಡಿಸುತ್ತಿದ್ದವರೂ ಸೌಟು ಹಿಡಿದು ನಿಂತರು. ನಂದನ ನನ್ನ ಮುಖ ನೋಡಿದ. ನಾನು ಜಂತಿ ನೋಡಿದೆ. ಮಧುರಾ ತೊಟ್ಟಿಲ ಹಗ್ಗ ಬಿಡದೆ, ತಲೆಯನ್ನೂ ಎತ್ತದೆ ಹೇಳಿದಳು:

“ದೇವ್ರಲ್ಲ ಅತ್ತೆ, ನಿಮ್ಮನೆ ಮಜ್ಜಿಗೆ. ಮೂರನೇ ಲೋಟ.”