ಗೊತ್ತಿಲ್ಲದ ಹಾಡಿಗೆ ನಾನು ಹೇಳಿದ ಅರ್ಥ

ಸರ್ರ್... ಕುಂಯ್... ಟಪ್. ಶಾರ್ಟ್‌ವೇವ್ ರೇಡಿಯೊದ ಮುಳ್ಳು ಹಾಡಿನ ಮೇಲೆ ನಿಲ್ಲಲಾರದೆ ಪಕ್ಕಕ್ಕೆ ಜಾರುವ ಸದ್ದು ಅದು. ಲಿಂಗಸುಗೂರಿನ ನಮ್ಮ ಬಾಡಿಗೆ ಕೋಣೆಯಲ್ಲಿ ಶನಿವಾರದ ಸಂಜೆಗಳೆಂದರೆ ಆ ಸದ್ದೇ. ಗಿಟಾರು ಒಮ್ಮೆ ಕಿಟಕಿಯ ಹೊರಗೇ ನಿಂತು ಬಾರಿಸಿದಂತೆ ಕೇಳುತ್ತಿತ್ತು, ಮರುಗಳಿಗೆ ಎಷ್ಟೋ ಸಮುದ್ರಗಳಾಚೆ ಹೋಗಿಬಿಡುತ್ತಿತ್ತು. ನಾನು ಸ್ಪೀಕರಿಗೆ ಕಿವಿ ಒತ್ತಿ ಸಿಕ್ಕಷ್ಟು ಪದಗಳನ್ನು ಹೇಳುತ್ತಿದ್ದೆ. ನನ್ನ ಗೆಳತಿ ಅವನ್ನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದಳು.

ಇಬ್ಬರೂ ಟೀಚರುಗಳು. ನಾನು ಕಾನ್ವೆಂಟಿನಲ್ಲಿ ಓದಿ ಬಂದವಳು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಅವಳು ಸಂತೆಕಲ್ಲೂರಿನವಳು, ಪ್ರೈಮರಿ ಸ್ಕೂಲಿನಲ್ಲಿದ್ದಳು. ಇಂಗ್ಲಿಷ್ ಅವಳಿಗೆ ಎಬಿಸಿಡಿ ದಾಟಿ ಹೆಚ್ಚು ದೂರ ಹೋಗಿರಲಿಲ್ಲ. ಆದರೆ ಗಂಟಲು! ರಜೆಯ ದಿನಗಳಲ್ಲಿ ಸಿಂಧನೂರಿನ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ಕಾಲುವೆ ನೀರು ಬಂದು ಭತ್ತ ಬೆಳೆದ ಕಾಲ. ಮದುವೆ, ಗೃಹಪ್ರವೇಶ ಎಲ್ಲದರಲ್ಲೂ ಒಂದು ಇಂಗ್ಲಿಷ್ ಹಾಡು ಆಗಲೇಬೇಕು, ಫ್ಯಾಷನ್. ಹಾಗಂತ ಅರ್ಥವಾಗದ್ದನ್ನು ಸುಮ್ಮನೆ ಕೇಳಿಕೊಂಡು ಕೂರುವ ಜನ ನಮ್ಮವರಲ್ಲ. ಗಾಯಕಿ ಮೈಕು ಹಿಡಿದ ಕೂಡಲೇ ಹಿಂದಿನ ಸಾಲಿನಿಂದ ಕೂಗು ಬರುತ್ತಿತ್ತು, "ಮೊದಲ ಕತಿ ಹೇಳ್ರೀ! ಆಮ್ಯಾಲ ಹಾಡ್ರಿ!" ಹಾಗಾಗಿ ಪ್ರತಿ ಇಂಗ್ಲಿಷ್ ಹಾಡಿಗೂ ಮುಂಚೆ ನಾಲ್ಕು ಮಾತಿನ ಕಥೆ ಹೇಳುವುದು ಆ ಆರ್ಕೆಸ್ಟ್ರಾದ ಪದ್ಧತಿಯಾಗಿತ್ತು. ಕಥೆ ಕೊಡುವ ಕೆಲಸ ನನ್ನದು.

"ಯಾರು ಯಾರ ಸಲುವಾಗಿ ಅಳಾಕತ್ತಾರ, ಅದನ್ನ ಹೇಳ ಮೊದಲ," ಅನ್ನುತ್ತಿದ್ದಳು. "ಅದು ಗೊತ್ತಾಗದ ನನ್ನ ಬಾಯಾಗ ಹಾಡು ಬರೂದಿಲ್ಲ ಬೇ, ಕಾನ್ವೆಂಟಮ್ಮ."

ಮೊದಮೊದಲು ನಾನು ಪ್ರಾಮಾಣಿಕವಾಗಿಯೇ ಇದ್ದೆ. ಆದರೆ ಆ ಬ್ಯಾಂಡುಗಳ ಗಂಡಸರು ಪದಗಳನ್ನು ಅರ್ಧ ಅಗಿದು ಉಗುಳುತ್ತಿದ್ದರು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಗ್ರಾಮರು ಅಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಅರ್ಧ ಕೇಳಿದ್ದಕ್ಕೆ ಇನ್ನರ್ಧ ಸೇರಿಸಿ ಹೇಳುವುದು ನನಗೆ ಎಷ್ಟು ಬೇಗ ರೂಢಿಯಾಯಿತೆಂದರೆ, ಅದು ಸುಳ್ಳು ಅನ್ನಿಸುವುದೇ ನಿಂತುಹೋಯಿತು.

ಆ ವರ್ಷ ಸಾಲಗುಂದದ ಹತ್ತಿರ ಕಾಲುವೆಗೆ ಈಜಲು ಇಳಿದ ಅವಳ ತಮ್ಮ ಮೇಲೆ ಬರಲಿಲ್ಲ. ಮೂರನೆಯ ದಿನ ಸಿಕ್ಕ. ಹತ್ತೊಂಬತ್ತು ವರ್ಷದವನು.

ತಿಂಗಳಾದ ಮೇಲೆ ಅವಳು ಕೋಣೆಗೆ ವಾಪಸಾದಳು. ಅಳುತ್ತಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಗಿತ್ತು. ಶನಿವಾರ ಏನೂ ತೋಚದೆ ರೇಡಿಯೊ ಹಚ್ಚಿದೆ. ಆಗ ಎಲ್ಲ ಕಡೆ ಓಡುತ್ತಿದ್ದ ಒಂದು ಹಾಡು ಬಂತು. ಡ್ರಮ್ಮು, ಗಿಟಾರು, ನಡುವೆ ಮರಳಿ ಬಾ ಮರಳಿ ಬಾ ಎಂದು ಕರೆಯುವ ಗಂಡು ದನಿ. ಅದಿಷ್ಟು ಬಿಟ್ಟರೆ ನನಗೂ ಏನೂ ತಿಳಿಯಲಿಲ್ಲ. ಅವಳು ತಲೆ ಎತ್ತಿ ಕೇಳಿದಳು, "ಯಾರನ್ನ ಕರ್ಯಾಕತ್ತಾನ?"

"ಅವನು ಹೇಳುತ್ತಿರುವುದು ಒಬ್ಬ ಅಕ್ಕನ ಕಥೆ. ಅವಳು ದಂಡೆಯ ಮೇಲೆ ನಿಂತು ತಮ್ಮನನ್ನು ಕರೆಯುತ್ತಾಳೆ," ಎಂದೆ. "ಅವನು ಆಚೆ ದಂಡೆಯಿಂದ ಹೇಳುತ್ತಾನೆ, ನಾನು ದಡ ಮುಟ್ಟಿದೀನಿ, ನೀರು ತಣ್ಣಗಿಲ್ಲ, ನೀನು ಮನೆಗೆ ಹೋಗು ಅಂತ."

ಆವತ್ತು ಅವಳು ಬೆಳಕು ಹೋಗುವವರೆಗೂ ಅತ್ತಳು. ನಾನು ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ.

ಅಲ್ಲಿಂದ ಆ ಹಾಡು ಅವಳದ್ದಾಯಿತು. ರೇಡಿಯೊದಲ್ಲಿ ಅದು ವೇಗದ ಹಾಡು. ಅವಳ ಬಾಯಲ್ಲಿ ತತ್ವಪದದ ಹಾಗೆ ನಿಂತು ನಿಂತು ಬರುತ್ತಿತ್ತು. ತಮ್ಮನ ವರ್ಷದ ದಿನ ಎಡೆ ಇಟ್ಟು, ಫೋಟೊದ ಮುಂದೆ ಕೂತು ಅದನ್ನೇ ಹಾಡುವಳು. ನಾನು ಮದುವೆಯಾಗಿ ಸಿಂಧನೂರಿಗೆ ಬಂದೆ, ಅವಳು ಲಿಂಗಸುಗೂರಿನಲ್ಲೇ ಉಳಿದಳು. ಇಬ್ಬರೂ ರಿಟೈರ್ ಆದೆವು. ಅವಳ ಎಡೆ ಮತ್ತು ಹಾಡು ಮಾತ್ರ ಒಂದು ವರ್ಷವೂ ತಪ್ಪಲಿಲ್ಲ.

ನಾಲ್ಕು ವರ್ಷದ ಹಿಂದೆ ನನಗೆ ಸ್ಮಾರ್ಟ್‌ಫೋನ್ ಬಂತು. ಆ ಕಾಲದ ಹಾಡುಗಳನ್ನು ಒಂದೊಂದಾಗಿ ಹುಡುಕಿ, ಯಾರು ಬರೆದರು, ಯಾಕೆ ಬರೆದರು ಎಂದು ಓದುವ ಹುಚ್ಚು ಹಿಡಿಯಿತು. ಸಂತೋಷದ ಹಾಡು ಅಂದುಕೊಂಡಿದ್ದರ ಹಿಂದೆ ಡೈವೋರ್ಸು, ಭಕ್ತಿ ಅಂದುಕೊಂಡಿದ್ದರ ಹಿಂದೆ ನಶೆ. ಒಂದು ಮಧ್ಯಾಹ್ನ ಅವಳ ಹಾಡೂ ಸಿಕ್ಕಿತು. ಆ ಗಾಯಕ ಬಡತನದಲ್ಲಿ ತನ್ನ ಮೊದಲ ಕಾರನ್ನು ಮಾರಿದ್ದನಂತೆ. ಹೆಸರು ಬಂದ ಮೇಲೆ ಅದನ್ನು ಎಷ್ಟು ಹುಡುಕಿದರೂ ಸಿಗಲಿಲ್ಲವಂತೆ. ಕೆಂಪು ಬಣ್ಣದ ಕಾರು. ಅದನ್ನೇ ಬಾ ಬಾ ಎಂದು ಕರೆಯುತ್ತಿದ್ದ. ಪದಗಳು ಸ್ಪಷ್ಟವಾಗಿ ಕಣ್ಣ ಮುಂದಿದ್ದವು. ಟೈರು, ಸ್ಟಿಯರಿಂಗು, ಎಲ್ಲಾ. ನಾನು ಫೋನನ್ನು ಮಗುಚಿ ಇಟ್ಟೆ. ಅವಳಿಗೆ ಹೇಳಲಿಲ್ಲ. ಮೂರು ವರ್ಷ ಹೇಳಲಿಲ್ಲ.

ಹೋದ ಚಳಿಗಾಲದಲ್ಲಿ ಮಸ್ಕಿಯ ರಿಟೈರ್ಡ್ ನೌಕರರ ಬಳಗದವರು ಹಳೆಯ ಪಾಪ್, ರಾಕ್ ಹಾಡುಗಳ ಒಂದು ಸಂಜೆ ಇಟ್ಟುಕೊಂಡರು. ಹಾಡಲು ಅವಳನ್ನು ಕರೆದಿದ್ದರು. ಕಾರ್ಯಕ್ರಮದ ಬೆಳಿಗ್ಗೆ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಬಂದಿದ್ದ ಪಟ್ಟಿ ತೆರೆದೆ; ಅವಳು ಆ ಗ್ರೂಪಿನಲ್ಲಿರಲಿಲ್ಲ. ಐದನೆಯದು ಅವಳ ಹಾಡು. ಪಕ್ಕದಲ್ಲಿ, ಹಾಡಿನ ಹಿನ್ನೆಲೆಯನ್ನು ಕಾಲೇಜಿನ ಇಂಗ್ಲಿಷ್ ಲೆಕ್ಚರರು ಪರದೆಯ ಮೇಲೆ ತೋರಿಸುವರು ಎಂದಿತ್ತು. ಕೆಳಗೆ ಕೆಂಪು ಕಾರಿನ ಚಿತ್ರ.

ಸಂಜೆಯದು ಕಣ್ಣ ಮುಂದೆ ಬಂತು. ಅವಳು ಮೈಕು ಹಿಡಿದು ಅಕ್ಕ ತಮ್ಮನ ಕಥೆ ಹೇಳುತ್ತಾಳೆ, ಬೆನ್ನ ಹಿಂದೆ ಕಾರು ನಿಂತಿರುತ್ತದೆ. ಜನ ನಗುತ್ತಾರೆ.

ಫೋನು ಮಾಡಿದೆ. ಸ್ವಿಚ್ ಆಫ್. ಹಾಡುವ ದಿನ ಬೆಳಗಿನಿಂದ ಅವಳು ಯಾರ ಜೊತೆಯೂ ಮಾತಾಡುವುದಿಲ್ಲ, ಗಂಟಲು ಕಾಯುತ್ತಾಳೆ; ಆರ್ಕೆಸ್ಟ್ರಾ ಕಾಲದ ಶಿಸ್ತು. ಮಧ್ಯಾಹ್ನ ಮಸ್ಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ಕೂಡಿಬರಲಿಲ್ಲ.

ಹಾಲ್‌ನಲ್ಲಿ ಮೊದಲು ಲೆಕ್ಚರರನ್ನು ಹಿಡಿದೆ. ಪಾಮನಕಲ್ಲೂರಿನ ಕಡೆಯವರು, ವಿನಯದ ಮನುಷ್ಯ. "ಸರ್, ಐದನೆಯ ಸ್ಲೈಡ್ ತೆಗೆದುಬಿಡಿ, ಪ್ಲೀಸ್," ಎಂದೆ.

"ತಗೀತೀನ್ರಿ ಮೇಡಂ, ಅದೇನ್ ದೊಡ್ಡದಲ್ಲ. ಆದ್ರ ಗ್ರೂಪಿನ್ಯಾಗ ನಿನ್ನೆನ ಹಾಕೀನಲ್ರಿ. ಎಲ್ಲಾರೂ ಓದ್ಯಾರ. ಕಾರಿನ ಹಾಡು ಯಾವಾಗ ಅಂತ ಈಗ ಇಬ್ರು ಕೇಳಿದ್ರು ನೋಡ್ರಿ."

ವೇದಿಕೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಅವಳು ಒಬ್ಬಳೇ ಕೂತಿದ್ದಳು, ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತ. ನನ್ನನ್ನು ನೋಡಿ ಮುಖ ಅರಳಿತು. ತುಟಿಯ ಮೇಲೆ ಬೆರಳಿಟ್ಟು, ಮಾತಿಲ್ಲ ಎಂದು ಸನ್ನೆ ಮಾಡಿ, ಪಕ್ಕದ ಕುರ್ಚಿ ತೋರಿಸಿದಳು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಹಾಡು ತಮ್ಮನದಲ್ಲ, ಅಕ್ಕನದೂ ಅಲ್ಲ, ದಂಡೆ ಇಲ್ಲ, ನೀರೂ ಇಲ್ಲ. ನಾನು ಕಟ್ಟಿ ಹೇಳಿದ್ದು. ಮಾರಿದ ಒಂದು ಕಾರಿನ ಬಗ್ಗೆ ಅದು. ಹೊರಗೆ ಕೂತವರಿಗೆಲ್ಲ ಗೊತ್ತಿದೆ.

ಆವತ್ತಿನ ಮೊದಲ ಮಾತು ಅವಳ ಬಾಯಿಂದ ಬಂತು. "ಕಾರು?"

"ಹೌದು."

"ಮೋಟರ್ ಕಾರು?" ನಕ್ಕಳು. ನಗು ಅರ್ಧಕ್ಕೇ ನಿಂತಿತು. "ವರ್ಷಾ ವರ್ಷಾ ನನ್ನ ತಮ್ಮನ ಎಡಿ ಮುಂದ ಕುಂತು ಕಾರಿನ ಹಾಡ ಹಾಡೀನೇನ ನಾ?"

"ನೀನು ಅಳ್ತಾನೇ ಇರಲಿಲ್ಲ ಆಗ. ನನಗೆ ಭಯ ಆಗಿತ್ತು. ನಿನಗಾಗಿ..."

"ನನ್ನ ಸಲುವಾಗಿ ಅನಬ್ಯಾಡ." ದನಿ ಏರಲಿಲ್ಲ. "ಗೊತ್ತಿಲ್ಲ ಅಂತ ಒಂದ ಮಾತು ಹೇಳಾಕ ನಿನ್ನ ಬಾಯಿಗೆ ಏನಾಗಿತ್ತ? ಗೊತ್ತಿಲ್ಲ ಅಂದಿದ್ರ ನಾ ಹಂಗ ಅಳ್ತಿದ್ದಿಲ್ಲೇನ? ನೀ ಕಾನ್ವೆಂಟಿನಾಕಿ, ನಿನಗ ಇಂಗ್ಲಿಷ್ ತಿಳೀಲಿಲ್ಲ ಅಂತ ಆಗಬಾರ್ದು. ಅಷ್ಟ."

ಅವಳು ಹೇಳಿದ್ದು ಪೂರಾ ನಿಜವಲ್ಲ, ಆದರೆ ಬಹಳಷ್ಟು ನಿಜ.

"ಯಾವಾಗ ಗೊತ್ತಾತು ನಿನಗ?"

"ಮೂರು ವರ್ಷ ಆಯ್ತು."

ಆ ಉತ್ತರ ಕೇಳಿದಾಗ ಅವಳು ನನ್ನನ್ನು ನೋಡಿದ ರೀತಿ! ಹಳೆಯ ಸುಳ್ಳನ್ನಾದರೂ ಕ್ಷಮಿಸುತ್ತಿದ್ದಳೇನೋ. "ಮೂರು ಎಡಿ," ಅಂದಳು, ಅಷ್ಟೇ. ಆಚೆ ಅವಳ ಹೆಸರು ಕರೆದರು.

"ಹಾಡಬೇಡ," ಎಂದೆ. "ಮೈ ಹುಷಾರಿಲ್ಲ ಅಂತ ಹೇಳ್ತೀನಿ."

"ಮತ್ತೊಂದ ಸುಳ್ಳ ಹೇಳ್ತಿಯೇನ?" ಸೆರಗು ಸರಿಮಾಡಿಕೊಂಡು ಹೊರಟಳು.

ನಾನು ಬಾಗಿಲ ಸಂದಿಯಲ್ಲಿ ನಿಂತೆ. ಅವಳು ಮೈಕಿನ ಎತ್ತರ ಇಳಿಸಿದಳು. ಹಿಂದಿನ ಸಾಲಿನಲ್ಲಿದ್ದ ಯಾರೋ ನಮ್ಮ ವಯಸ್ಸಿನವರು ಹಳೆಯ ನೆನಪಿಗೆ ಕೂಗಿದರು, "ಕತಿ ಹೇಳ್ರೀ ಮೊದಲ!"

"ಹೇಳ್ತೀನ್ರಿ," ಅಂದಳು. "ಒಬ್ಬಾವ ಇದ್ದ. ತನ್ನ ಕಾರು ಮಾರಿಬಿಟ್ಟ. ಆಮ್ಯಾಲ ಹುಡುಕ್ಯಾನ, ಸಿಕ್ಕಿಲ್ಲ. ಇಷ್ಟ ಕತಿ."

ಜನ ಚಪ್ಪಾಳೆ ತಟ್ಟಿ ನಕ್ಕರು. ಅವಳೂ ನಕ್ಕಳು. ನಂತರ ಕೀಬೋರ್ಡಿನವನಿಗೆ, "ಜೋರ್ ಹಿಡಿಯಪಾ, ರೆಕಾರ್ಡಿನ್ಯಾಗ ಇದ್ದಂಗ," ಎಂದಳು.

ಅಷ್ಟು ವರ್ಷಗಳಲ್ಲಿ ಅವಳು ಆ ಹಾಡನ್ನು ಅದರ ವೇಗದಲ್ಲಿ ಹಾಡಿದ್ದು ಅದೊಂದೇ ಸಲ. ಒಂದು ಸ್ವರ ತಪ್ಪಲಿಲ್ಲ. ಮುಂದಿನ ಸಾಲಿನವರು ತೊಡೆ ತಟ್ಟಿ ತಾಳ ಹಾಕಿದರು, ಲೆಕ್ಚರರು ಕೂತಲ್ಲೇ ಭುಜ ಕುಣಿಸಿದರು. ಫಸ್ಟ್ ಕ್ಲಾಸ್ ಹಾಡಿದಳು. ನಾನು ಅತ್ತೆ. ಅವಳಂತೂ ಅಳಲಿಲ್ಲ.

ಮುಗಿದ ಕೂಡಲೇ ನಾನಿದ್ದ ಬಾಗಿಲಿಗೆ ಬರದೆ ಇನ್ನೊಂದು ಕಡೆಯಿಂದ ಇಳಿದುಹೋದಳು. ನಾನು ಹಾಲ್ ಸುತ್ತಿ ರಸ್ತೆಗೆ ಬರುವಷ್ಟರಲ್ಲಿ ಲಿಂಗಸುಗೂರಿಗೆ ಹೊರಟಿದ್ದ ಟಂಟಂ ಆಟೋದ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬೆಳಕು ಇನ್ನೂ ಇತ್ತು, ಮುಖ ಚೆನ್ನಾಗಿ ಕಾಣುತ್ತಿತ್ತು. ಅವಳ ಪಕ್ಕದಲ್ಲಿ ಒಬ್ಬರಿಗೆ ಜಾಗವಿತ್ತು. ಡ್ರೈವರು ನನ್ನನ್ನು ನೋಡಿ, "ಬರ್ರೀ ಅಮ್ಮಾರ, ಒಂದ ಸೀಟ್ ಐತಿ!" ಎಂದು ಕೂಗಿದ. ಅವಳು ನನ್ನತ್ತ ನೋಡಿದಳು. ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ಆ ಖಾಲಿ ಜಾಗದಲ್ಲಿ ಇಟ್ಟಳು.

"ಎರಡೂ ಸೀಟಿಂದು ನಾ ಕೊಡ್ತೀನಿ, ನಡಿಯಪಾ," ಅಂದಳು. ಟಂಟಂ ಹೊರಟಿತು. ನಾನು ಅವಳನ್ನು ನೋಡಿದ್ದು ಅದೇ ಕೊನೆ.